ಜುಗಾಡ್ ಅನ್ನಬೇಡಿ ಸ್ವಾಮಿ, ಅದಕ್ಕೆ ತಯಾರಿ ಅಂತಾರೆ

‘ಜುಗಾಡ್’ ಅನ್ನೋ ಪದ ಕಿವಿಗೆ ಬಿದ್ರೆ ಸಾಕು, ಇತ್ತೀಚೆಗೆ ನನಗೆ ಮೈಯೆಲ್ಲಾ ಉರಿಯುತ್ತೆ. ಮೊದಲು ಹಿಂದಿಯವರ ಬಾಯಲ್ಲಿತ್ತು, ಆಮೇಲೆ ಮ್ಯಾನೇಜ್‌ಮೆಂಟ್ ಗುರುಗಳ ಭಾಷಣಕ್ಕೆ ಹೋಯ್ತು, ಈಗ ನಮ್ಮ ಕನ್ನಡದ ವಾಟ್ಸಾಪ್ ಗುಂಪುಗಳಲ್ಲೂ ಬಂದು ಕಾಲು ಚಾಚಿ ಕೂತಿದೆ. ಸ್ಕೂಟರಿನ ಸೈಲೆನ್ಸರಿಗೆ ತಂತಿ ಕಟ್ಟಿದ್ರೆ ಜುಗಾಡ್, ಒಡೆದ ಪೈಪಿಗೆ ಸೈಕಲ್ ಟ್ಯೂಬ್ ಸುತ್ತಿದ್ರೆ ಜುಗಾಡ್. ಅಲ್ಲಿಗೇ ನಿಂತಿದ್ದರೆ ನಾನು ಈ ಪೋಸ್ಟ್ ಬರೀತಾ ಇರಲಿಲ್ಲ. ಅಭಿಲಾಷ್ ಟಾಮಿ ಸಮುದ್ರದ ಮಧ್ಯೆ ತಮ್ಮ ದೋಣಿಯ ಟಾಯ್ಲೆಟ್ ಬಾಗಿಲು ಕಿತ್ತು ರಿಪೇರಿ ಮಾಡಿಕೊಂಡ ಸುದ್ದಿಯನ್ನೂ ‘ನಮ್ಮ ದೇಸಿ ಜುಗಾಡ್ ಅಂದ್ರೆ ಇದು!’ ಅಂತ ಒಬ್ಬರು ಗುಂಪಿನಲ್ಲಿ ಹಾಕಿದ್ರು. ಕೆಳಗೆ ಸಾಲಾಗಿ ಚಪ್ಪಾಳೆಗಳು. ನಾನು ಚಪ್ಪಾಳೆ ತಟ್ಟಲಿಲ್ಲ. ಯಾಕೆ ಅಂತ ಹೇಳೋಕೆ ಈ ಬರಹ. ಇನ್ನೂ ಬ್ಲಾಗ್ ಓದೋ ಅಭ್ಯಾಸ ಉಳಿಸಿಕೊಂಡಿರೋ ನಿಮ್ಮಂಥ ಹತ್ತು ಹದಿನೈದು ಜನಕ್ಕಾದ್ರೂ ಹೇಳಬೇಕಲ್ಲ!

ಮೊದಲೇ ಹೇಳಿಬಿಡ್ತೀನಿ, ನಾನು ಹಾಯಿದೋಣಿ ನಡೆಸಿದವನಲ್ಲ. ತದಡಿಯಿಂದ ಅಘನಾಶಿನಿಗೆ ತಾರಿಯಲ್ಲಿ ದಾಟಿದ್ದೇ ನನ್ನ ಸಮುದ್ರಯಾನ, ಅದೂ ಸಮುದ್ರ ಅಲ್ಲ, ಹೊಳೆ :-) ಆದ್ರೆ ಇಪ್ಪತ್ತು ವರ್ಷಕ್ಕೂ ಮೇಲೆ ಕಾರ್ಖಾನೆಗಳ ಮೈಂಟೆನೆನ್ಸ್ ವಿಭಾಗದಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡವನು. ಯಂತ್ರ ಯಾಕೆ ಕೆಡುತ್ತೆ, ಕೆಟ್ಟಾಗ ಜನ ಹೇಗೆ ಆಡ್ತಾರೆ ಅನ್ನೋದನ್ನ ಹತ್ತಿರದಿಂದ ನೋಡಿದೀನಿ. ಒಂಟಿಯಾಗಿ ಸಾಗರ ದಾಟೋರ ಕಥೆಗಳನ್ನ ಹುಡುಕಿ ಹುಡುಕಿ ಓದೋ ಹುಚ್ಚು ಹಿಡಿದಿದ್ದೂ ಅದಕ್ಕೇ. ಅಲ್ಲಿ ಸ್ಟೋರ್ಸ್ ಇಲ್ಲ, ವೆಂಡರ್ ಇಲ್ಲ, ‘ನಾಳೆ ಬಂದು ನೋಡ್ತೀನಿ ಸಾರ್’ ಅನ್ನೋ ಸರ್ವೀಸ್ ಇಂಜಿನಿಯರ್ ಇಲ್ಲ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಗೋಲ್ಡನ್ ಗ್ಲೋಬ್ ಅಂತ ಒಂದು ರೇಸ್. ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿನಿಂದ ಒಬ್ಬರೇ ಹೊರಟು, ಎಲ್ಲೂ ನಿಲ್ಲದೆ, ಹೊರಗಿನ ಸಹಾಯ ಪಡೆಯದೆ ಭೂಮಿಗೆ ಒಂದು ಸುತ್ತು ಹಾಕಿ ಅಲ್ಲಿಗೇ ವಾಪಸ್ ಬರಬೇಕು. ದೋಣಿ 32ರಿಂದ 36 ಅಡಿ, ವಿನ್ಯಾಸ ಹಳೇ ಕಾಲದ್ದು. ಜಿಪಿಎಸ್ ನೋಡಿ ದಾರಿ ಹುಡುಕೋ ಹಾಗಿಲ್ಲ, ಸೆಕ್ಸ್‌ಟಂಟ್ ಹಿಡಿದು ಸೂರ್ಯ ನಕ್ಷತ್ರ ನೋಡಿ ಲೆಕ್ಕ ಹಾಕಬೇಕು. 1968ರಲ್ಲಿ ನಡೆದ ಮೊದಲ ರೇಸಿಗೆ ಐವತ್ತು ವರ್ಷ ತುಂಬಿದ ನೆನಪಿಗೆ 2018ರಲ್ಲಿ ಮತ್ತೆ ನಡೆಸಿದರು, ಆಮೇಲೆ 2022ರಲ್ಲಿ ಇನ್ನೊಂದು. 2022ರ ಸೆಪ್ಟೆಂಬರ್ 4ರಂದು ಹೊರಟವರು 16 ಜನ. ಎಲ್ಲೂ ನಿಲ್ಲದೆ ಪೂರ್ತಿ ಮುಗಿಸಿದವರು ಮೂರೇ ಜನ. ಮೊದಲು ಬಂದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಅನ್ನೋ ಹೆಣ್ಣುಮಗಳು. ಎರಡನೆಯವರು ನಮ್ಮ ನೌಕಾಪಡೆಯಲ್ಲಿ ಕಮಾಂಡರ್ ಆಗಿ ನಿವೃತ್ತರಾದ ಅಭಿಲಾಷ್ ಟಾಮಿ. 236 ದಿನ ಸಮುದ್ರದಲ್ಲಿದ್ದು 2023ರ ಏಪ್ರಿಲ್ 29ಕ್ಕೆ ದಡ ಸೇರಿದರು.

ಈ ಒಂಟಿ ಯಾನದಲ್ಲಿ ಪ್ರಾಣದಷ್ಟೇ ಮುಖ್ಯವಾದ ಒಂದು ಸಾಧನ ಇದೆ, ವಿಂಡ್ ವೇನ್ ಅಂತ. ದೋಣಿಯ ಹಿಂಭಾಗದಲ್ಲಿ ಗಾಳಿಗೆ ಒಡ್ಡಿ ನಿಲ್ಲಿಸಿದ ತೆಳು ಹಲಗೆ. ದೋಣಿ ದಾರಿ ತಪ್ಪಿ ತಿರುಗಿದ್ರೆ ಗಾಳಿ ಬೀಸೋ ಕೋನ ಬದಲಾಗಿ ಆ ಹಲಗೆ ವಾಲುತ್ತೆ. ಅದು ವಾಲಿದ್ರೆ ನೀರಿನೊಳಗಿರೋ ಇನ್ನೊಂದು ಹಲಗೆ ತಿರುಗುತ್ತೆ. ಹರಿಯೋ ನೀರಿನ ಬಲವೇ ಚುಕ್ಕಾಣಿಯನ್ನ ಎಳೆದು ದೋಣಿಯನ್ನ ಮತ್ತೆ ದಾರಿಗೆ ತರುತ್ತೆ. ಕರೆಂಟು ಬೇಡ, ಬ್ಯಾಟರಿ ಬೇಡ, ಸಂಬಳ ಕೇಳಲ್ಲ. ಒಬ್ಬನೇ ಇರೋನು ನಿದ್ದೆ ಮಾಡೋಕೆ, ಅಡುಗೆ ಮಾಡೋಕೆ, ಹಾಯಿ ಹೊಲಿಯೋಕೆ ಬಿಡುವು ಸಿಗೋದು ಇದು ಕೆಲಸ ಮಾಡ್ತಾ ಇದ್ರೆ ಮಾತ್ರ. ಇದು ಕೈಕೊಟ್ರೆ ಹಗಲು ರಾತ್ರಿ ಚುಕ್ಕಾಣಿ ಹಿಡಿದು ಕೂರಬೇಕು. ಎಷ್ಟು ದಿನ ಕೂರ್ತೀರಿ?

ಅಭಿಲಾಷ್ ಬಾಗಿಲು ಕಿತ್ತದ್ದು ಇದರ ಹಲಗೆಗೋಸ್ಕರ. ನಮ್ಮವರಿಗೆ ಕಂಡದ್ದು ಬಾಗಿಲು. ನನಗೆ ಕಾಣೋದು ಬಾಗಿಲಿನ ಹಿಂದಿರೋದು. ಆ ಹಲಗೆ ಎಷ್ಟು ದಪ್ಪ ಇರಬೇಕು, ಎಷ್ಟು ಅಗಲ, ಯಾವ ಕಡೆ ಹರಿತ, ಯಾವ ಕಡೆ ದುಂಡು, ಬೋಲ್ಟ್ ಎಲ್ಲಿ ಕೂರಬೇಕು, ಎಷ್ಟು ಬಲ ಬಿದ್ರೆ ಸೀಳುತ್ತೆ ಅನ್ನೋದು ಗೊತ್ತಿರಬೇಕು. ಗರಗಸ, ಡ್ರಿಲ್ಲು, ಅಂಟು, ಸರಿಯಾದ ಅಳತೆಯ ನಟ್ಟು ಬೋಲ್ಟು ದೋಣಿಯಲ್ಲಿರಬೇಕು. ಓಲಾಡೋ ನೆಲದ ಮೇಲೆ ನಿಂತು ಅದನ್ನ ಕೊಯ್ಯೋ ಕೈ ಬೇಕು. ಬಾಗಿಲು ಕಿತ್ತದ್ದು ಈ ಕಥೆಯ ಕೊನೇ ಹೆಜ್ಜೆ. ಮೊದಲ ಹೆಜ್ಜೆಗಳೆಲ್ಲ ಫ್ರಾನ್ಸ್ ಬಿಡೋದಕ್ಕೂ ಮೊದಲೇ ಆಗಿಹೋಗಿದ್ದವು. ಕೊನೇ ಹೆಜ್ಜೆಗೆ ಮಾತ್ರ ‘ಜುಗಾಡ್’ ಅಂತ ಹಣೆಪಟ್ಟಿ ಹಚ್ಚಿ, ಹಿಂದಿನ ದುಡಿಮೆಯನ್ನೆಲ್ಲ ಒರೆಸಿಹಾಕೋದು ಯಾವ ನ್ಯಾಯ?

ಇದಕ್ಕಿಂತ ಒಳ್ಳೇ ಉದಾಹರಣೆ ಮೊದಲ ರೇಸಿನಲ್ಲಿದೆ. ರಾಬಿನ್ ನಾಕ್ಸ್-ಜಾನ್ಸ್‌ಟನ್. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಿಟ್ಟು, 312 ದಿನಗಳಾದ ಮೇಲೆ 1969ರ ಏಪ್ರಿಲ್ 22ಕ್ಕೆ ವಾಪಸ್ ಬಂದವರು. ಒಬ್ಬಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಮನುಷ್ಯ. ಅವರ ‘ಸುಹೈಲಿ’ ನಮ್ಮ ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ ದೋಣಿ, ಉದ್ದ 32 ಅಡಿ. ಆ ದೋಣಿಯಲ್ಲಿ ಏನು ಕೆಡಲಿಲ್ಲ ಅಂತ ಕೇಳಿ! ಹಲಗೆಗಳ ಸಂದಿಯಿಂದ ನೀರು ನುಗ್ಗಿತು. ಕುಡಿಯೋ ನೀರು ಹಾಳಾಯ್ತು, ಮಳೆ ನೀರು ಹಿಡಿದು ಕುಡಿದರು. ತಾನಾಗಿ ದಾರಿ ಹಿಡಿಯೋ ಸಾಧನ ಆಸ್ಟ್ರೇಲಿಯಾ ಹತ್ತಿರ ಮುರಿದುಬಿತ್ತು. ರೇಡಿಯೋ ಕೆಟ್ಟು ನ್ಯೂಜಿಲೆಂಡ್ ದಾಟಿದ ಮೇಲೆ ತಿಂಗಳುಗಟ್ಟಲೆ ಇದ್ದಾರೋ ಇಲ್ಲವೋ ಅನ್ನೋ ಸುದ್ದಿಯೇ ಜಗತ್ತಿಗೆ ಇರಲಿಲ್ಲ.

ಇದರಲ್ಲಿ ನನಗೆ ಅತಿ ಇಷ್ಟವಾದ ಘಟನೆ ಚಿಕ್ಕದು. ಬ್ಯಾಟರಿ ಚಾರ್ಜ್ ಮಾಡೋ ಪುಟ್ಟ ಎಂಜಿನ್ ಕೈಕೊಟ್ಟಿತು. ಅದರ ಮ್ಯಾಗ್ನೆಟೋದಲ್ಲಿ ಒಂದು ಸಂದನ್ನ ಇಂಚಿನ ಸಾವಿರದ ಹದಿನೈದು ಭಾಗದಷ್ಟಕ್ಕೆ ಕೂರಿಸಬೇಕು. ಅಳೆಯೋಕೆ ಫೀಲರ್ ಗೇಜ್ ಇರಲಿಲ್ಲ. ಅವರು ಒಂದು ಪುಸ್ತಕ ತಗೊಂಡು ಹಾಳೆಗಳನ್ನ ಲೆಕ್ಕ ಹಾಕಿದರು. 200 ಹಾಳೆ ಸೇರಿದ್ರೆ ಒಂದು ಇಂಚು. ಅಂದ್ರೆ ಒಂದು ಹಾಳೆ ಇಂಚಿನ ಸಾವಿರದ ಐದು ಭಾಗ. ಮೂರು ಹಾಳೆ ಮಡಚಿ ಸಂದಿಗೆ ತೂರಿಸಿದರು, ಎಂಜಿನ್ ಹೊರಟಿತು. ಈಗ ನಮ್ಮ ಜುಗಾಡ್ ಭಕ್ತರು ಇದಕ್ಕೂ ಚಪ್ಪಾಳೆ ತಟ್ಟಬಹುದು, ‘ನೋಡಿ, ಪುಸ್ತಕದ ಹಾಳೆಯಲ್ಲಿ ಎಂಜಿನ್ ರಿಪೇರಿ!’ ಅಂತ. ಹಾಳೆ ಯಾರ ಹತ್ತಿರ ಬೇಕಾದ್ರೂ ಇರುತ್ತೆ ಮಾರಾಯ್ರೇ. ಸಾವಿರದ ಹದಿನೈದು ಅನ್ನೋ ಅಂಕಿ ಎಷ್ಟು ಜನರ ಹತ್ತಿರ ಇರುತ್ತೆ? ಅಳತೆ ಗೊತ್ತಿದ್ದವನ ಕೈಯಲ್ಲಿ ಹಾಳೆ ಉಪಕರಣ ಆಗುತ್ತೆ. ಗೊತ್ತಿಲ್ಲದವನ ಕೈಯಲ್ಲಿ ಅದು ಕಸ. ನಾನು ಜಗಳ ಆಡ್ತಿರೋದು ಈ ವ್ಯತ್ಯಾಸಕ್ಕೋಸ್ಕರ.

ನೀರು ನುಗ್ಗೋ ಸಂದಿಯ ಕಥೆಯೂ ಹಾಗೇ. ಸಾಗರದ ಮಧ್ಯೆ ದೋಣಿ ನಿಲ್ಲಿಸಿ, ನೀರಿಗಿಳಿದು, ಉಸಿರು ಕಟ್ಟಿ ದೋಣಿಯ ತಳಕ್ಕೆ ಮುಳುಗಿ ಸಂದಿಗೆ ಹತ್ತಿ ತುಂಬಿದರು. ಸುಮ್ಮನೆ ತುರುಕಿದ್ರೆ ನಿಲ್ಲಲಿಲ್ಲ. ಕ್ಯಾನ್ವಾಸ್ ಪಟ್ಟಿಗೆ ಹತ್ತಿ ಹೊಲಿದು, ತಾಮ್ರದ ಮೊಳೆ ಹೊಡೆದು ಕೂರಿಸಿದರು. ಮಧ್ಯೆ ಶಾರ್ಕ್ ಬಂತು, ಮೇಲೆ ಹತ್ತಿ ಬಂದೂಕಿನಿಂದ ಹೊಡೆದು ಮತ್ತೆ ಇಳಿದರು. ಎಲ್ಲರೂ ಶಾರ್ಕ್ ಬಗ್ಗೆ ಬರೀತಾರೆ. ದೋಣಿಯಲ್ಲಿ ಹತ್ತಿ, ಕ್ಯಾನ್ವಾಸ್, ತಾಮ್ರದ ಮೊಳೆ ಇತ್ತು ಅನ್ನೋದರ ಬಗ್ಗೆ ಯಾರೂ ಬರೆಯಲ್ಲ. ಮರದ ದೋಣಿ ಅಂದಮೇಲೆ ಸಂದಿ ಬಿಟ್ಟುಕೊಳ್ಳುತ್ತೆ ಅಂತ ಹಡಗಿನಲ್ಲಿ ದುಡಿದ ಆ ಮನುಷ್ಯನಿಗೆ ಗೊತ್ತಿತ್ತು.

ಸಮುದ್ರದಲ್ಲಿ ಕೆಡೋದು ದುರದೃಷ್ಟ ಅಲ್ಲ, ಅದು ಲೆಕ್ಕ. ಹತ್ತು ಸೆಕೆಂಡಿಗೆ ಒಂದು ಅಲೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 8,640 ಅಲೆ. 236 ದಿನಕ್ಕೆ ಗುಣಿಸಿ, 20 ಲಕ್ಷದ ಮೇಲಾಗುತ್ತೆ. ಪ್ರತಿ ಅಲೆಗೂ ಕೂವೆಮರ ವಾಲುತ್ತೆ, ಅದನ್ನ ಹಿಡಿದ ಉಕ್ಕಿನ ತಂತಿ ಒಮ್ಮೆ ಬಿಗಿಯಾಗುತ್ತೆ, ಒಮ್ಮೆ ಸಡಿಲ ಆಗುತ್ತೆ. ಒಂದು ತುಂಡು ತಂತಿಯನ್ನ ಆಕಡೆ ಈಕಡೆ ಬಗ್ಗಿಸ್ತಾ ಹೋಗಿ, ಇಪ್ಪತ್ತು ಸಲಕ್ಕೆ ತುಂಡಾಗುತ್ತೆ ಅಲ್ವಾ? ಅಲ್ಲಿ ಬಗ್ಗೋದು ಕೂದಲೆಳೆಯಷ್ಟು, ಆದ್ರೆ ಲಕ್ಷಗಟ್ಟಲೆ ಸಲ. ಜೊತೆಗೆ ಉಪ್ಪು. ತುಕ್ಕು ಹಿಡಿಯಲ್ಲ ಅನ್ನೋ ಸ್ಟೇನ್‌ಲೆಸ್ ಸ್ಟೀಲ್ ಕೂಡ ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತ್ರೆ ಕಣ್ಣಿಗೆ ಕಾಣದ ಹಾಗೆ ಒಳಗಿಂದ ತಿಂದುಹೋಗುತ್ತೆ. ಹಗ್ಗ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಎಳೆ ಬಿಡುತ್ತೆ. ಬಿಸಿಲಿಗೆ ಹಾಯಿಯ ಹೊಲಿಗೆ ಕೊಳೆಯುತ್ತೆ. ಹಾಗಾಗಿ ‘ಏನಾದ್ರೂ ಕೆಟ್ರೆ’ ಅನ್ನೋ ಪ್ರಶ್ನೆಯೇ ತಪ್ಪು. ‘ಯಾವುದು, ಯಾವಾಗ, ಆಗ ನನ್ನ ಹತ್ತಿರ ಏನಿರುತ್ತೆ’ ಅಂತ ಕೇಳಬೇಕು.

‘ಹಾಗಾದ್ರೆ ಎಲ್ಲದಕ್ಕೂ ಸ್ಪೇರ್ ಹೊತ್ತುಕೊಂಡು ಹೋಗೋಕಾಗುತ್ತಾ?’ ಅಂತ ನೀವು ಕೇಳಬಹುದು. ಆಗಲ್ಲ. 36 ಅಡಿ ದೋಣಿಯಲ್ಲಿ ಎರಡನೇ ಕೂವೆಮರ ಕಟ್ಟಿಕೊಂಡು ಹೋಗೋ ಹಾಗಿಲ್ಲ. ಬುದ್ಧಿ ಬೇಕಾಗೋದು ಅಲ್ಲೇ. ಮೊದಲು ದೋಣಿಯೊಳಗೆ ನೀರು ಬರಬಾರದು. ಆಮೇಲೆ ದಾರಿ ಹಿಡಿಯೋಕಾಗಬೇಕು. ಆಮೇಲೆ ಕುಡಿಯೋ ನೀರು, ಆಮೇಲೆ ಸುದ್ದಿ ಮುಟ್ಟಿಸೋ ದಾರಿ. ವೇಗ, ಆರಾಮ ಎಲ್ಲ ಕೊನೆಗೆ. ಈ ಸಾಲಿನಲ್ಲಿ ಮೇಲಿರೋದಕ್ಕೆ ಎರಡೆರಡು ವ್ಯವಸ್ಥೆ ಇರಬೇಕು. ಒಂದು ಕೆಟ್ರೆ ಇನ್ನೊಂದು ಅದರ ಜಾಗಕ್ಕೆ ಬರಬೇಕು. ಕೂವೆಮರ ಮುರಿದು ನೀರಿಗೆ ಬಿದ್ರೆ, ಅದು ತಂತಿಗಳಿಗೆ ಜೋತಾಡ್ತಾ ಪ್ರತಿ ಅಲೆಗೂ ದೋಣಿಯ ಪಕ್ಕೆಗೆ ಗುದ್ದುತ್ತೆ, ತೂತು ಮಾಡುತ್ತೆ. ಹಾಗಾಗಿ ಮೊದಲ ಕೆಲಸ ಅಳೋದಲ್ಲ, ಆ ತಂತಿಗಳನ್ನ ಕತ್ತರಿಸಿ ಮರವನ್ನ ಸಮುದ್ರಕ್ಕೆ ಬಿಡೋದು. ಕತ್ತರಿಸೋ ಸಾಧನ ಕತ್ತಲೆಯಲ್ಲೂ ಕೈಗೆ ಸಿಗೋ ಹಾಗಿರಬೇಕು. ಉಳಿದ ಕೋಲುಗಳನ್ನ ನಿಲ್ಲಿಸಿ, ಚಿಕ್ಕ ಹಾಯಿ ಕಟ್ಟಿ, ನಿಧಾನಕ್ಕಾದ್ರೂ ದಡದ ಕಡೆ ಹೋಗಬೇಕು. ಇದನ್ನೆಲ್ಲ ಬಂದರಿನಲ್ಲೇ ಯೋಚಿಸಿರಬೇಕು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕೋದಲ್ಲ.

ಇಷ್ಟೆಲ್ಲ ಮಾಡಿದ್ರೂ ಸೋಲು ಬರಬಹುದು. ಅದನ್ನ ಒಪ್ಪಿಕೊಳ್ಳೋದೂ ತಯಾರಿಯ ಭಾಗವೇ. 2022ರ ರೇಸಿನಲ್ಲಿ ಬ್ರಿಟನ್ನಿನ ಸೈಮನ್ ಕರ್ವೆನ್ ಎಲ್ಲರಿಗಿಂತ ಮುಂದಿದ್ದರು. ಕೇಪ್ ಹಾರ್ನ್ ಇನ್ನೂ ದೂರ ಇರುವಾಗಲೇ ಅವರ ವಿಂಡ್ ವೇನ್‌ನ ಒಂದು ಭಾಗ ಮುರಿಯಿತು. ಸಮುದ್ರದಲ್ಲೇ ಸರಿಪಡಿಸೋಕಾಗದ ಮುರಿತ. ಅವರು ತೇಪೆ ಹಾಕಿಕೊಂಡು ಕೇಪ್ ಹಾರ್ನ್ ಕಡೆ ನುಗ್ಗಲಿಲ್ಲ. ಚಿಲಿಯ ತೀರಕ್ಕೆ ಹೋಗಿ ರಿಪೇರಿ ಮಾಡಿಸಿಕೊಂಡರು. ಒಂದು ಸಲ ನಿಂತವರನ್ನ ಬೇರೆ ವರ್ಗಕ್ಕೆ ಹಾಕೋದು ನಿಯಮ, ಹಾಗಾಗಿ ಗೆಲುವು ಅಲ್ಲೇ ಕೈತಪ್ಪಿತು. ಆಮೇಲೆ ಹೊರಟು, 2023ರ ಏಪ್ರಿಲ್ 27ರಂದು ಕರ್ಸ್ಟನ್ ಬರೋದಕ್ಕಿಂತ ಕೆಲವು ಗಂಟೆ ಮೊದಲೇ ಫ್ರಾನ್ಸ್ ತಲುಪಿದರು. ದಡಕ್ಕೆ ಮೊದಲು ಬಂದರೂ ವಿಜೇತರಲ್ಲ! ಆದ್ರೂ ಜೀವ ಇತ್ತು, ದೋಣಿ ಇತ್ತು.

ಮೊದಲ ನಾವಿಕಾ ಸಾಗರ ಪರಿಕ್ರಮದ ‘ತಾರಿಣಿ’ ನೆನಪಿದೆಯಾ? ವರ್ತಿಕಾ ಜೋಶಿ ನಾಯಕತ್ವದಲ್ಲಿ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು ಭೂಮಿ ಸುತ್ತಿ ಬಂದದ್ದು. ಕೇಪ್‌ಟೌನ್ ಬಿಟ್ಟು ಮನೆ ಕಡೆ ಬರುವಾಗ ಸ್ಟೀರಿಂಗ್ ಕೆಟ್ಟಿತು. 2018ರ ಏಪ್ರಿಲ್‌ನಲ್ಲಿ ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಂತರು. ಮೊದಲ ಯೋಜನೆಯಲ್ಲಿ ಆ ನಿಲ್ದಾಣ ಇರಲಿಲ್ಲ. ‘ಗೋವಾ ಇನ್ನೇನು ಬಂತು, ಹೇಗೋ ತಳ್ಳಿಕೊಂಡು ಹೋಗೋಣ’ ಅನ್ನಲಿಲ್ಲ. ರಿಪೇರಿ ಮಾಡಿಸಿಕೊಂಡು ಮೇ 21ಕ್ಕೆ ಗೋವಾ ಸೇರಿದರು. ಅವರ ಬಗ್ಗೆ ಭಾಷಣ ಮಾಡೋರು ದೈತ್ಯ ಅಲೆಗಳ ಬಗ್ಗೆ ಹೇಳ್ತಾರೆ. ಪೋರ್ಟ್ ಲೂಯಿಯಲ್ಲಿ ನಿಲ್ಲೋ ತೀರ್ಮಾನದ ಬಗ್ಗೆ ಯಾರಾದ್ರೂ ಹೇಳಿದ್ದು ನಾನಂತೂ ಕೇಳಿಲ್ಲ.

ರಿಪೇರಿ ಆದ ಮೇಲೆ ಇನ್ನೊಂದು ವಿಷಯ ಇದೆ. 2018ರ ರೇಸ್ ಗೆದ್ದದ್ದು ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೇಡ್, ಆಗ ಅವರಿಗೆ 73 ವರ್ಷ. ಆ ನವೆಂಬರ್‌ನಲ್ಲಿ ಅಲೆಯೊಂದು ದೋಣಿಯನ್ನ ಮಗುಚೋ ಹಾಗೆ ಎತ್ತಿ ಒಗೆದು, ಕೂವೆಮರಕ್ಕೆ ತಂತಿ ಹಿಡಿದಿದ್ದ ಜಾಗ ಸೀಳಿತು. ಈ ಅಜ್ಜ ದಕ್ಷಿಣ ಸಾಗರದಲ್ಲಿ ಓಲಾಡೋ ಕೂವೆಮರ ಹತ್ತಿ ಹತ್ತಿ ಸರಿಮಾಡಿಕೊಂಡರು. ಆಮೇಲೆ ಅವರು ಮಾಡಿದ್ದು ಮುಖ್ಯ: ಹಾಯಿ ಕಮ್ಮಿ ಮಾಡಿ, ಮರದ ಮೇಲೆ ಭಾರ ಬೀಳದ ಹಾಗೆ ದೋಣಿ ನಡೆಸಿದರು. ಹಿಂದಿನವನು ಹತ್ತಿರ ಬರ್ತಿದ್ರೂ ಮನಸ್ಸು ಕೆಡಿಸಿಕೊಳ್ಳಲಿಲ್ಲ. 212ನೇ ದಿನಕ್ಕೆ, 2019ರ ಜನವರಿ 29ರಂದು ಮೊದಲಿಗರಾಗಿ ಬಂದರು. ತೇಪೆ ಹಾಕಿದ ವಸ್ತು ಮೊದಲಿನಂತಲ್ಲ, ಅದನ್ನ ತೇಪೆ ಅಂತಲೇ ನೆನಪಿಟ್ಟು ನಡೆಸಬೇಕು ಅಂತ ಗೊತ್ತಿದ್ದವರು. ಜುಗಾಡ್ ಮನಸ್ಸು ಇದಕ್ಕೆ ತದ್ವಿರುದ್ಧ. ತಂತಿ ಕಟ್ಟಿದ ಮರುದಿನವೇ ಅದು ‘ಸರಿಹೋಯ್ತು’ ಅಂತ ಮರೆತುಬಿಡುತ್ತೆ.

ಈ ಮರೆವಿನ ಬೆಲೆ ನಾನು ಕಣ್ಣಾರೆ ಕಂಡಿದೀನಿ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಾರ್ಖಾನೆ (ಹೆಸರು ಬೇಡ ಬಿಡಿ). ಪ್ರೆಸ್ ಮಶೀನಿನ ಗಾರ್ಡ್ ತೆಗೆದ್ರೆ ಮಶೀನ್ ತಾನಾಗಿ ನಿಲ್ಲೋ ಹಾಗೆ ಒಂದು ಲಿಮಿಟ್ ಸ್ವಿಚ್ ಇತ್ತು. ಅದು ಕೆಟ್ಟಿತು, ರಾತ್ರಿ ಪಾಳಿಯಲ್ಲಿ ಯಾರೋ ಒಂದು ತುಂಡು ವೈರ್ ಸೇರಿಸಿ ಮಶೀನ್ ಓಡಿಸಿದರು. ಮರುದಿನದ ಡಿಸ್‌ಪ್ಯಾಚ್ ತಪ್ಪಲಿಲ್ಲ ಅಂತ ದೊಡ್ಡವರಿಗೆ ಖುಷಿ. ಅದೇ ವರ್ಷ ಆಯುಧಪೂಜೆ ದಿನ ಎಲ್ಲರೆದುರು ಅವನನ್ನ ಹೊಗಳಿದ್ದೇ ಹೊಗಳಿದ್ದು. ಆ ಮಶೀನಿಗೂ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದರು. ಸ್ವಿಚ್ ಮಾತ್ರ ಬರಲಿಲ್ಲ. ನಾನು ಶಿಫ್ಟ್ ರಿಜಿಸ್ಟರಿನಲ್ಲಿ ಮೂರು ಸಲ ಬರೆದೆ. ಖರೀದಿ ವಿಭಾಗದಿಂದ ‘ಸದ್ಯಕ್ಕೆ ನಡೀತಿದೆಯಲ್ಲ’ ಅನ್ನೋ ಉತ್ತರ. ಮುಂದಿನ ಮಳೆಗಾಲ ಶುರುವಾಗೋ ಹೊತ್ತಿಗೆ ಒಬ್ಬ ಆಪರೇಟರ್ ಎರಡು ಬೆರಳು ಕಳೆದುಕೊಂಡ. ಬಲಗೈ. ಆ ಸ್ವಿಚ್ಚಿನ ಬೆಲೆ ಆಯುಧಪೂಜೆಗೆ ಹಂಚಿದ ಸಿಹಿ ಡಬ್ಬಗಳ ಖರ್ಚಿಗಿಂತ ಕಡಿಮೆ. ಈಗ ಹೇಳಿ, ಆ ಪದ ಕೇಳಿದ್ರೆ ನನಗೆ ಮೈ ಉರಿಯೋದು ತಪ್ಪಾ?

ಒಂದು ಆಕ್ಷೇಪ ಬರುತ್ತೆ ಅಂತ ಗೊತ್ತು. ‘ಜುಗಾಡ್ ಬಡವನ ಜಾಣತನ, ನೀವು ಅದನ್ನ ಹೀಗಳೀತಿದೀರಿ’ ಅಂತ. ಇಲ್ಲ. ರಸ್ತೆ ಬದಿ ಮೆಕ್ಯಾನಿಕ್ಕಿನ ಕೈಗೆ ನಾನು ಇವತ್ತಿಗೂ ಕೈಮುಗೀತೀನಿ. ಏನೂ ಇಲ್ಲದಾಗ ಏನಾದ್ರೂ ಮಾಡೋದು ದೊಡ್ಡ ವಿದ್ಯೆ. ನನ್ನ ತಕರಾರು ಸ್ಪೇರ್ ಕೊಡಿಸೋ ಜವಾಬ್ದಾರಿ ಇರೋರು ಚಪ್ಪಾಳೆ ತಟ್ಟಿ ಕೈತೊಳೆದುಕೊಳ್ಳೋದರ ಬಗ್ಗೆ. ಹೊಗಳಿಕೆಗೆ ದುಡ್ಡು ಬೇಡ, ಸ್ವಿಚ್ಚಿಗೆ ಬೇಕು. ನಮ್ಮ ಕರಾವಳಿಯಲ್ಲೇ ನೋಡಿ. ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ದಕ್ಕೆಯಲ್ಲಿ ಬೋಟುಗಳನ್ನ ಮೇಲೆಳೆದು, ಎಂಜಿನ್ ಬಿಚ್ಚಿ, ಬಲೆಯ ಒಂದೊಂದು ಕಣ್ಣನ್ನೂ ಹೆಣೆಯೋ ಜನ ಕಾಣ್ತಾರೆ. ಒಳ್ಳೇ ತಾಂಡೇಲನನ್ನ ಕೇಳಿ, ಸಮುದ್ರಕ್ಕೆ ಹೋದ ಮೇಲೆ ಹೇಗೋ ನೋಡಿಕೊಳ್ಳೋಣ ಅಂತ ಅವನು ಹೇಳಲ್ಲ. ಬಡವನ ಜಾಣತನ ಅಂದ್ರೆ ಅದು, ಮಳೆಗಾಲದಲ್ಲಿ ಕೂತು ಬಲೆ ಹೆಣೆಯೋದು.

ಇನ್ನು ಮುಚ್ಚಿಡೋ ಚಾಳಿ. 1968ರ ರೇಸಿನಲ್ಲೇ ಡೊನಾಲ್ಡ್ ಕ್ರೋಹರ್ಸ್ಟ್ ಅಂತ ಒಬ್ಬರಿದ್ದರು. ಹೊರಡೋಕೆ ಕೊನೇ ದಿನವಾದ ಅಕ್ಟೋಬರ್ 31ಕ್ಕೆ, ದೋಣಿಯ ಕೆಲಸ ಮುಗಿಯೋದಕ್ಕೂ ಮೊದಲೇ ಹೊರಟರು. ನೀರು ಹೊರಹಾಕೋ ಪಂಪಿನ ಹೋಸ್ ಪೈಪ್ ದಡದಲ್ಲೇ ಉಳಿಯಿತು. ತಾನಾಗಿ ದಾರಿ ಹಿಡಿಯೋ ಸಾಧನದ ಸ್ಕ್ರೂಗಳು ಉದುರಿದವು. ಬದಲಿ ಸ್ಕ್ರೂ ಇಲ್ಲ, ಬೇರೆ ಕಡೆಯಿಂದ ಬಿಚ್ಚಿ ಇಲ್ಲಿಗೆ ಹಾಕಿದರು. ಒಳಗೆ ನೀರು ಬರ್ತಿತ್ತು. ವಾಪಸ್ ಹೋದ್ರೆ ಸಾಲ, ಅವಮಾನ. ಮುಂದೆ ಹೋದ್ರೆ ಸಾವು. ಅವರು ಮೂರನೇ ದಾರಿ ಹಿಡಿದರು: ಅಟ್ಲಾಂಟಿಕ್‌ನಲ್ಲೇ ಸುತ್ತಾಡ್ತಾ, ಬಹಳ ಮುಂದೆ ಹೋಗ್ತಿದೀನಿ ಅಂತ ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳಿಸಿದರು. ಅದನ್ನ ನಂಬಿದ ನೈಜೆಲ್ ಟೆಟ್ಲಿ, ಮೊದಲೇ ಬಳಲಿದ್ದ ತನ್ನ ದೋಣಿಯನ್ನ ಇನ್ನೂ ಜೋರಾಗಿ ಓಡಿಸಿದರು. 1969ರ ಮೇ 21ರಂದು, ಮನೆ ಹತ್ತಿರ ಬರುವಾಗ, ಆ ದೋಣಿ ಒಡೆದು ಮುಳುಗಿತು. ಟೆಟ್ಲಿಯನ್ನ ಬದುಕಿಸಿಕೊಂಡರು. ಕ್ರೋಹರ್ಸ್ಟ್ ಮಾತ್ರ ಬರಲೇ ಇಲ್ಲ. ಜುಲೈ 10ರಂದು ಅವರ ದೋಣಿ ಖಾಲಿಯಾಗಿ ತೇಲ್ತಾ ಸಿಕ್ಕಿತು. ನಾಕ್ಸ್-ಜಾನ್ಸ್‌ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನ ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟರು. ಆ ಮನುಷ್ಯನನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಆದ್ರೆ ‘ಸರಿ ಇಲ್ಲ’ ಅಂತ ಹೇಳೋಕೆ ಜಾಗವೇ ಇಲ್ಲದ ಹಾಗೆ ಮಾಡಿದ್ರೆ ಏನಾಗುತ್ತೆ ಅನ್ನೋದು ಇಲ್ಲಿದೆ. ಒಬ್ಬನ ದೋಣಿಯ ಸೋರಿಕೆ ಮುಚ್ಚಿಟ್ಟದ್ದಕ್ಕೆ ಇನ್ನೊಬ್ಬನ ದೋಣಿ ಮುಳುಗಿತು.

ಸಹಾಯ ಕೇಳೋದರ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. 2018ರ ರೇಸಿನಲ್ಲೂ ಅಭಿಲಾಷ್ ಇದ್ದರು, ಗೋವಾದಲ್ಲಿ ಕಟ್ಟಿದ, ಸುಹೈಲಿಯನ್ನೇ ಹೋಲೋ ‘ತುರೀಯ’ ದೋಣಿಯಲ್ಲಿ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಉರುಳಿ, ಕೂವೆಮರ ಮುರಿದು, ಬೆನ್ನುಮೂಳೆಗೆ ಪೆಟ್ಟಾಯ್ತು. ಆಸ್ಟ್ರೇಲಿಯಾದ ಪರ್ತ್ ಅಲ್ಲಿಂದ ಸುಮಾರು 1,900 ನಾಟಿಕಲ್ ಮೈಲಿ. ಮಲಗಿದಲ್ಲಿಂದ ಏಳೋಕಾಗದ ಸ್ಥಿತಿಯಲ್ಲೇ ಸಂದೇಶ ಕಳಿಸಿದರು. ಅದೇ ಬಿರುಗಾಳಿಯಲ್ಲಿ ಕೂವೆಮರ ಕಳೆದುಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್, ಉಳಿದ ಕೋಲಿಗೆ ಹಾಯಿ ಕಟ್ಟಿಕೊಂಡು ಅಭಿಲಾಷ್ ಕಡೆಗೇ ಹೊರಟರು. ಕೊನೆಗೆ 24ರಂದು ಫ್ರೆಂಚರ ‘ಒಸಿರಿಸ್’ ಅನ್ನೋ ಮೀನುಗಾರಿಕಾ ಗಸ್ತು ಹಡಗು ಬಂದು ಕಾಪಾಡಿತು. ಆಗ ನಮ್ಮವರೇ ಕೆಲವರು ಏನಂದ್ರು ಗೊತ್ತಾ? ‘ಯಾಕೆ ಬೇಕಿತ್ತು ಈ ಉಸಾಬರಿ, ಎಷ್ಟು ದೇಶಗಳಿಗೆ ಖರ್ಚು!’ ಅಂತ. 2018ರಲ್ಲಿ ಸಹಾಯ ಕೇಳಿದ್ದಕ್ಕೆ ಮೂಗು ಮುರಿದ ಜನವೇ 2023ರಲ್ಲಿ ಬಾಗಿಲು ಕಿತ್ತದ್ದಕ್ಕೆ ಚಪ್ಪಾಳೆ ತಟ್ಟಿದ್ದು. ಎರಡೂ ಒಂದೇ ವಿದ್ಯೆ ಅಂತ ಅವರಿಗೆ ಹೊಳೆಯಲೇ ಇಲ್ಲ. ತುರ್ತು ಸಂಕೇತ ಕಳಿಸೋ ಪೆಟ್ಟಿಗೆ, ಲೈಫ್ ರಾಫ್ಟ್ ಎಲ್ಲ ಟೂಲ್ ಬಾಕ್ಸಿನ ಕೊನೇ ಖಾನೆಯ ಸಾಮಾನುಗಳು. ಮಿಕ್ಕಿದ್ದೆಲ್ಲ ಸೋತಾಗ ನಾಚಿಕೆಯಿಲ್ಲದೆ ಅದನ್ನ ತೆಗೀಬೇಕು. 2022ರ ನವೆಂಬರ್‌ನಲ್ಲಿ ಫಿನ್ಲೆಂಡಿನ ತಾಪಿಯೋ ಲೆಹ್ಟಿನೆನ್ ದೋಣಿ ದಿಢೀರನೆ ಮುಳುಗಿ ಅವರು ರಾಫ್ಟ್‌ನಲ್ಲಿ ಕೂತಿದ್ದಾಗ ಹೋಗಿ ಎತ್ತಿಕೊಂಡದ್ದು ಯಾರು? ರೇಸ್ ಓಡ್ತಿದ್ದ ಕರ್ಸ್ಟನ್! ಆಮೇಲೆ ರೇಸ್ ಗೆದ್ದದ್ದೂ ಅವರೇ. ಹೊರಡೋದಕ್ಕೂ ಮೊದಲು ಕೆನಡಾದಲ್ಲಿ ಸುಮಾರು ಒಂದು ವರ್ಷ ಕೂತು ತಮ್ಮ ದೋಣಿಯನ್ನ ರಿಪೇರಿ ಮಾಡಿ ಗಟ್ಟಿ ಮಾಡಿಕೊಂಡಿದ್ದ ಹೆಣ್ಣುಮಗಳು ಆಕೆ.

ಹಾಗಾಗಿ ಬ್ಲಾಗ್ ಮಿತ್ರರಲ್ಲಿ ನನ್ನದೊಂದು ವಿನಂತಿ. ನಾವು ಕಡಲು ಕಂಡ್ರೆ ಸಾಕು, ಕವನ ಬರೆಯೋ ಜನ. ಬರೀರಿ, ಬೇಡ ಅನ್ನಲ್ಲ, ನಾನೇ ಎರಡು ಬರೆದಿದೀನಿ (ಹುಡುಕಬೇಡಿ, ಡಿಲೀಟ್ ಮಾಡಿದೀನಿ :-)). ಆದ್ರೆ ಯಾವುದಾದ್ರೂ ಸಾಹಸದ ಬಗ್ಗೆ, ರಿಪೇರಿಯ ಬಗ್ಗೆ ಬರೆಯುವಾಗ ಕೊನೇ ದೃಶ್ಯಕ್ಕೆ ಮರುಳಾಗಬೇಡಿ. ಆ ಮೊಳೆ ದೋಣಿಯಲ್ಲಿ ಯಾಕಿತ್ತು ಅಂತ ಕೇಳಿ. ಆ ಅಳತೆ ಅವನಿಗೆ ಹೇಗೆ ಗೊತ್ತಿತ್ತು ಅಂತ ಕೇಳಿ. ನಿಮ್ಮ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮಕ್ಕಳು ಹೋಗೋ ಶಾಲಾ ವ್ಯಾನಿನಲ್ಲಿ ‘ಸದ್ಯಕ್ಕೆ’ ಅಂತ ಕಟ್ಟಿದ ತಂತಿ ಎಷ್ಟು ದಿನದಿಂದ ಇದೆ ಅಂತ ಒಮ್ಮೆ ನೋಡಿ. ಕಂಡ್ರೆ ಬರೆದು ಕೊಡಿ, ತಾರೀಖು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಚಪ್ಪಾಳೆ ಆಮೇಲೆ ತಟ್ಟೋಣ.

ನೀವೇನಂತೀರಿ? ಒಪ್ಪದಿದ್ರೂ ಪರವಾಗಿಲ್ಲ, ಕಾಮೆಂಟು ಹಾಕಿ, ಜಗಳ ಆಡೋಣ. ಜುಗಾಡ್ ಅನ್ನೋ ಪದ ಮಾತ್ರ ಬಳಸಬೇಡಿ, ದಮ್ಮಯ್ಯ!